ಶ್ರುತಿ ಸೇರಿದರೆ ಸಾಕೇ?

ಮೈಸೂರಿನ ಸರಸ್ವತೀಪುರದ ನಮ್ಮ ಮನೆಯಲ್ಲಿ ಸಂಜೆಯ ದೀಪ ಹಚ್ಚುವ ಹೊತ್ತಿಗೆ ತಂಬೂರಿಯ ನಾದ ಕೇಳಿಬರುವುದು ಬಹುಕಾಲದ ರೂಢಿ. ನಮ್ಮ ತಾಯಿಯವರು ಇಷ್ಟಲಿಂಗ ಪೂಜೆ ಮುಗಿಸಿ ಕುಳಿತಾಗ ಮನೆಯವರಲ್ಲಿ ಯಾರಾದರೊಬ್ಬರು ತಂಬೂರಿ ಮೀಟುತ್ತ ಎರಡು ವಚನಗಳನ್ನು ಹಾಡಬೇಕು. ವೀಣೆಯ ಊರಿನಲ್ಲಿ ಹುಟ್ಟಿ ಬೆಳೆದ ನಮಗೆ ಸಂಗೀತವೆಂದರೆ ಅನ್ನ ನೀರಿನಷ್ಟೇ ಸಹಜವಾದುದು. ಆದುದರಿಂದಲೇ, ಕಳೆದ ವರ್ಷ ಸಂಗೀತದ ಹೆಸರಿನಲ್ಲಿಯೇ ನಮ್ಮ ಮನೆಗೆ ಬಂದ ಆತಂಕವನ್ನು ಓದುಗ ಬಂಧುಗಳ ಮುಂದಿಡಬೇಕೆನಿಸಿದೆ.

ತಾಯಿಯವರಿಗೆ ಎಪ್ಪತ್ತಾರು ವರ್ಷ. ಬಹಳ ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತಿರುವವರು. ಹಿತೈಷಿಗಳೊಬ್ಬರು ಅವರ ಮೊಬೈಲಿಗೆ ಒಂದು ಧ್ವನಿಮುದ್ರಿಕೆಯನ್ನು ಕಳುಹಿಸಿದರು. ಸೆಕೆಂಡಿಗೆ 432 ಕಂಪನಗಳ ಶ್ರುತಿಯೇ ಪ್ರಕೃತಿಯ ಮೂಲ ಶ್ರುತಿ, ಅದನ್ನು ದಿನವೂ ಆಲಿಸಿದರೆ ದೇಹದ ಕಣಕಣವೂ ಸರಿಗೂಡಿ ಔಷಧದ ಹಂಗೇ ತಪ್ಪುವುದು ಎಂದು ತಿಳಿಸಿದರು. ತಾಯಿಯವರು ನಂಬಿದರು, ನಮಗೆ ಹೇಳದೆಯೇ ಮಾತ್ರೆ ನಿಲ್ಲಿಸಿದರು. ಹದಿನೈದನೆಯ ದಿನ ಪೂಜೆಯ ಮಣೆಯಿಂದ ಏಳುವಾಗ ತಲೆ ಸುತ್ತಿ ಬಿದ್ದರು. ವೈದ್ಯರು ಅಳೆದಾಗ ರಕ್ತದೊತ್ತಡ 200ನ್ನು ಮುಟ್ಟಿತ್ತು. ಶಿವಕೃಪೆಯಿಂದ ಹೆಚ್ಚಿನ ಅನಾಹುತವಾಗಲಿಲ್ಲ.

ಮನೆಗೆ ಮರಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದರೆ ನಾದದಲ್ಲಿ ಶಕ್ತಿಯೇ ಇಲ್ಲವೆನ್ನುತ್ತೀರಾ?” ಇಲ್ಲವೆನ್ನಲು ನಮಗೆ ನಾಲಿಗೆ ಏಳಲಿಲ್ಲ; ಇದೆಯೆನ್ನಲು ಧೈರ್ಯ ಸಾಲಲಿಲ್ಲ.

ಅದೇ ಬೇಸಗೆಯಲ್ಲಿ ನಮ್ಮ ಮಗಳ ವೀಣೆಯ ಮೇಣ ಸಡಿಲಗೊಂಡು, ಮೇಳ ಕಟ್ಟಲು ವೃದ್ಧರೊಬ್ಬರು ಮನೆಗೆ ಬಂದರು. ವೀಣೆಗೆ ಇಪ್ಪತ್ತನಾಲ್ಕು ಮೆಟ್ಟಿಲು. ಎಲ್ಲವನ್ನೂ ಮೇಣದಲ್ಲಿ ಕೂರಿಸಬೇಕು. ಅವರ ಬಳಿ ಅಳತೆಪಟ್ಟಿಯಿರಲಿಲ್ಲ. ತಂತಿ ಮೀಟುವರು, ಕಿವಿಗೊಡುವರು, ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸುವರು. ವೀಣೆ ಶೇಷಣ್ಣನವರ (1852–1926) ಕಾಲದಿಂದ ದೊರೆಸ್ವಾಮಿ ಅಯ್ಯಂಗಾರ್ಯರ (1920–1997) ಕಾಲದವರೆಗೆ ಈ ಊರಿನ ವೀಣೆಗಳು ಇಂಥ ಕಿವಿಗಳನ್ನೇ ನಂಬಿ ನುಡಿದಿವೆ.

ಅವರು ಹೋದ ಮೇಲೆ ಕುತೂಹಲದಿಂದ ನಾವು ಅಳೆದು ನೋಡಿದೆವು. ಹನ್ನೆರಡನೆಯ ಮೆಟ್ಟಿಲು ತಂತಿಯ ಹೆಚ್ಚುಕಡಿಮೆ ಸರಿಮಧ್ಯದಲ್ಲಿತ್ತು. ಅಲ್ಲಿ ನುಡಿಯುವುದು ಮೇಲಿನ ಷಡ್ಜ. ತಂತಿಯ ಮೂರರಲ್ಲಿ ಎರಡು ಭಾಗ ಮಿಡಿದರೆ ಪಂಚಮ, ನಾಲ್ಕರಲ್ಲಿ ಮೂರು ಭಾಗಕ್ಕೆ ಶುದ್ಧ ಮಧ್ಯಮ, ಐದರಲ್ಲಿ ನಾಲ್ಕು ಭಾಗಕ್ಕೆ ಅಂತರ ಗಾಂಧಾರ. ಕಿವಿಗೆ ಹಿತವಾದುದು ಲೆಕ್ಕದಲ್ಲಿಯೂ ಸರಳವಾಗಿತ್ತು! ಗ್ರೀಸಿನಲ್ಲಿ ಪೈಥಾಗೊರಸನ ಅನುಯಾಯಿಗಳು ತಂತಿಯಲ್ಲಿ ಕಂಡುದು ಈ ಬಗೆಯ ಪ್ರಮಾಣಗಳನ್ನೇ. ಷಡ್ಜ ಪಂಚಮಗಳಿಗೆ ಮಾತ್ರ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುವುದನ್ನು ಸಂಗೀತಗಾರರು ಬಲ್ಲರು. ಮಂದ್ರ ಷಡ್ಜದ ಐದು ಪಟ್ಟು ಕಂಪನವೇ ಆ ಗಾಂಧಾರ. ತಂಬೂರಿ ಮತ್ತು ವೀಣೆಗಳ ಬಾಗಿದ ಕುದುರೆಯು ಇಂಥ ಉಪಸ್ವರಗಳನ್ನು ವಿಶೇಷವಾಗಿ ಎಬ್ಬಿಸುತ್ತದೆಯೆಂದು ಸರ್ ಸಿ. ವಿ. ರಾಮನ್ನರು 1921ರಲ್ಲಿಯೇ ಪ್ರಬಂಧ ಬರೆದರು. ಶ್ರುತಿಯ ಹಿಂದೆ ಪ್ರಕೃತಿಯ ನಿಯಮವಿದೆ ಎಂಬುದರಲ್ಲಿ ಸಂಶಯವಿಲ್ಲ.

ಆದರೆ ಪ್ರಕೃತಿ ಎಲ್ಲವನ್ನೂ ನಮಗೆ ಜೋಡಿಸಿಕೊಟ್ಟಿಲ್ಲ. ಒಂದು ಸ್ವರದಿಂದ ಹೊರಟು ಪಂಚಮದ ಮೇಲೆ ಪಂಚಮವಾಗಿ ಹನ್ನೆರಡು ಹೆಜ್ಜೆ ಏರಿದರೆ ಏಳು ಸ್ಥಾಯಿಗಳ ಮೇಲಿನ ಅದೇ ಸ್ವರವನ್ನು ತಲುಪಬೇಕೆಂದು ತೋರುತ್ತದೆ. ಲೆಕ್ಕ ಹಾಕಿದರೆ ಒಂದು ದಾರಿಯಲ್ಲಿ 129.75ರಷ್ಟು, ಇನ್ನೊಂದರಲ್ಲಿ 128 ಪಟ್ಟು. ವರ್ತುಲ ಕೂಡುವುದಿಲ್ಲ. ಈ ಕೊರತೆಯನ್ನು ಪಿಯಾನೋದವರು ಹನ್ನೆರಡು ಸ್ವರಗಳಿಗೂ ಸಮನಾಗಿ ಹಂಚಿದ್ದಾರೆ. ವೀಣೆಯವರು ಮೇಣ, ಕಿವಿ, ಗಮಕಗಳಿಂದ ಸುಧಾರಿಸುತ್ತಾರೆ. ಜಾವಾ ದ್ವೀಪದ ಗಮೆಲಾನ್ ವಾದ್ಯಮೇಳಗಳಲ್ಲಂತೂ ಒಂದು ಮೇಳದ ಶ್ರುತಿ ಇನ್ನೊಂದಕ್ಕೆ ಹೊಂದುವುದಿಲ್ಲ. ಆ ಜನರಿಗೆ ಅದರಿಂದ ಆನಂದಕ್ಕೇನೂ ಕೊರತೆಯಾಗಿಲ್ಲ.

ಇನ್ನು 432ರ ಮಾತು. ಪಾಶ್ಚಾತ್ಯರ ‘ಎ’ ಸ್ವರಕ್ಕೆ 1859ರಲ್ಲಿ ಫ್ರಾನ್ಸ್ ಸರ್ಕಾರ 435 ಕಂಪನಗಳನ್ನು ಗೊತ್ತುಪಡಿಸಿತು. 1939ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಸಮ್ಮೇಳನ 440 ಎಂದು ಶಿಫಾರಸು ಮಾಡಿತು. ಇವೆಲ್ಲ ವಾದ್ಯಗಳು ಪರಸ್ಪರ ಹೊಂದಲೆಂದು ಮಾಡಿಕೊಂಡ ಒಪ್ಪಂದಗಳು. ದಿನವನ್ನು 86,400 ಸೆಕೆಂಡುಗಳಾಗಿ ಸೀಳಿದವನು ಮನುಷ್ಯ. ಬೇರೆ ರೀತಿ ಸೀಳಿದ್ದರೆ ಅದೇ ನಾದಕ್ಕೆ ಬೇರೆ ಸಂಖ್ಯೆ ಬರುತ್ತಿತ್ತು. ನಮ್ಮ ಗಾಯಕರೋ ತಮ್ಮ ಕಂಠಕ್ಕೆ ತಕ್ಕ ಷಡ್ಜವನ್ನು ತಾವೇ ಆರಿಸಿಕೊಳ್ಳುತ್ತಾರೆ. ಒಂದೇ ರಾಗವನ್ನು ಗಂಡಸರು ಒಂದು ಮನೆಯಲ್ಲಿ, ಹೆಂಗಸರು ಐದು ಮನೆಯಲ್ಲಿ ಹಾಡಿದರೂ ಅದು ಅದೇ ರಾಗ. ನಿಯಮವಿರುವುದು ಸ್ವರಗಳ ನಡುವಣ ಸಂಬಂಧದಲ್ಲಿ. ಯಾವುದೋ ಒಂದು ಸಂಖ್ಯೆಯಲ್ಲಿ ಮಂತ್ರವಿಲ್ಲ.

ಹಾಗೆಂದು ನಾದ ಬರಿಯ ಲೆಕ್ಕವೇ? ಶಸ್ತ್ರಚಿಕಿತ್ಸೆಗೆ ಮುನ್ನ ಸಂಗೀತ ಆಲಿಸಿದ ರೋಗಿಗಳ ಆತಂಕ ತಗ್ಗುವುದನ್ನು ವೈದ್ಯರೇ ಪರೀಕ್ಷಿಸಿ ಕಂಡಿದ್ದಾರೆ. ನಮ್ಮ ಊರಿನ ಗಣಪತಿ ಸಚ್ಚಿದಾನಂದ ಆಶ್ರಮದ ಸಂಗೀತ ಕಛೇರಿಗಳಿಗೆ ಎಷ್ಟೋ ಜನ ಶಾಂತಿಯನ್ನರಸಿ ಹೋಗುತ್ತಾರೆ. ಶಾಂತಿ ದೊಡ್ಡ ವಸ್ತು. ಅದನ್ನು ಮಾತ್ರೆಯ ಜಾಗದಲ್ಲಿ ಇಟ್ಟಾಗಲೇ ಅಪಾಯ.

ಈ ವಿವೇಕ ನಮಗೆ ಹೊಸದಲ್ಲ. ತನ್ನ ದೇಹವನ್ನೇ ವಾದ್ಯವಾಗಿಸಿ ನುಡಿಸೆಂದು ದೇವನನ್ನು ಬೇಡಿದ ಬಸವಣ್ಣನವರೇ, ಇನ್ನೊಂದು ವಚನದಲ್ಲಿ ರಾವಣನ ನಾದವನ್ನು ನೆನೆದು, ಶಿವನೊಲಿಯುವುದು ಭಕ್ತಿಗೆ ಎಂದು ಎಚ್ಚರಿಸಿದ್ದಾರೆ. ಅದರ ಬಾಳುವ ರೂಪವನ್ನು ಗದುಗಿನಲ್ಲಿ ಕಾಣಬಹುದು. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944) ಅಂಧರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಅಂಧರು. ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳನ್ನು ಅರಗಿಸಿಕೊಂಡ ಆ ಗುರುಗಳಿಗಿಂತ ಚೆನ್ನಾಗಿ ಶ್ರುತಿಯನ್ನು ಬಲ್ಲವರು ಎಷ್ಟು ಮಂದಿ? ಆ ಶ್ರುತಿ ಅವರಿಗೆ ಕಣ್ಣು ಕೊಡಲಿಲ್ಲ. ಅವರು ಆ ವಿದ್ಯೆಯನ್ನು ಅನಾಥ, ಅಂಧ ಮಕ್ಕಳಿಗೆ ಹಂಚಿ, ಅವರ ಕೈಗೆ ಅನ್ನವನ್ನೂ ಆತ್ಮಗೌರವವನ್ನೂ ಕೊಟ್ಟರು. ನಾದದ ಶಕ್ತಿ ಯಾವುದೆಂದು ಕೇಳಿದ ತಾಯಿಯವರಿಗೆ ನಾವು ಕೊನೆಗೆ ಕೊಟ್ಟ ಉತ್ತರ ಇದೇ.

ಅವರು ಬಹಳ ಹೊತ್ತು ಸುಮ್ಮನಿದ್ದು, “ಮಾತ್ರೆ ಎಲ್ಲಿಟ್ಟಿದ್ದೀರಿ?” ಎಂದರು. ಈಗ ಸಂಜೆ ಮೊದಲು ಮಾತ್ರೆ, ಬಳಿಕ ಪೂಜೆ, ಆಮೇಲೆ ತಂಬೂರಿ. ತಂತಿ ಸ್ವಲ್ಪ ಇಳಿದಿದ್ದರೆ ಕಣ್ಣು ಮುಚ್ಚಿಕೊಂಡೇ ಅವರು ಬೆರಳೆತ್ತಿ ಸೂಚಿಸುತ್ತಾರೆ. ನಾವು ಬಿರಡೆ ತಿರುಗಿಸುತ್ತೇವೆ.