ರಿಲೀಫ್ ಬ್ಯಾರೆ, ಕಾಂಪೆನ್ಸೇಷನ್ ಬ್ಯಾರೆ

ಹೋದ ವಾರ ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ನಾಲ್ಕು ಜನರ ಮುಂದ ಜಾತಿ ಹೆಸರು ಹಿಡಿದು ಬೈದ ಕೇಸು. ಎಫ್‌ಐಆರ್ ಆಗಿ ಮೊದಲ ಕಂತು 25,000 ರೂಪಾಯಿ ಖಾತೆಗೆ ಬಂದಿತ್ತು. ಆದರ ಮನಿಯವರ ಮುಖದಾಗ ಕಳೆ ಇರಲಿಲ್ಲ. ಆ ತಾಯಿ ಕೇಳಿದಳು: "ಅಣ್ಣಾ, ಪರಿಹಾರ ತಗೊಂಡೀವಿ. ಇನ್ನ ಕೇಸ್ ಹಿಂದ ತಗೋಬೇಕಂತಲ್ಲ, ಖರೇ ಏನು?"

ಆಳಂದ, ಜೇವರ್ಗಿ ಕಡೆನೂ ಇದೇ ಪ್ರಶ್ನೆ ಕೇಳೀನಿ. ನಮ್ಮ ಕಡೆ ತೊಗರಿ ಹಾಳಾದ್ರೂ ಪರಿಹಾರ, 2020ರಾಗ ಭೀಮಾ ನದಿ ಉಕ್ಕಿ ಮನಿ ಬಿದ್ದಾಗಲೂ ಪರಿಹಾರ, ಗ್ರಹದೋಷಕ್ಕೂ ಪರಿಹಾರ! ಅದೇ ಪದ ದೌರ್ಜನ್ಯದ ಕೇಸಿಗೂ ಬಂತು. ಪರಿಹಾರ ಆಯ್ತು ಅಂದ್ರ ಲೆಕ್ಕ ಚುಕ್ತಾ ಅಂತ ಜನ ತಿಳೀತಾರ.

ಇಂಗ್ಲಿಷ್‌ನಾಗ ಇವು ಎರಡು ಪದ. ರಿಲೀಫ್ ಅಂದ್ರ ಪೆಟ್ಟು ಬಿದ್ದವರು ಎದ್ದು ನಿಲ್ಲಲಿಕ್ಕೆ ಸರ್ಕಾರ ಕೂಡಲೇ ಕೊಡಬೇಕಾದ ಆಸರೆ. ಕಾಂಪೆನ್ಸೇಷನ್ ಅಂದ್ರ ಆದ ನಷ್ಟ ತುಂಬಿಕೊಡೋದು. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳ 12ನೇ ನಿಯಮ ಎರಡೂ ಪದ ಬಳಸ್ತದ. 7 ದಿನದೊಳಗ ತುರ್ತು ರಿಲೀಫ್ ಕೊಡಬೇಕು. ಹಣ ಅಷ್ಟೇ ಅಲ್ಲ, ಊಟ, ಬಟ್ಟೆ, ವಸತಿ, ಔಷಧಿನೂ ಅದರಾಗ ಬರ್ತಾವ. ಸಾವು, ಗಾಯ, ಆಸ್ತಿ ನಷ್ಟ ಆದಲ್ಲಿ ಈ ರಿಲೀಫ್ ಪಡೆದರೂ ಬೇರೆ ಕಾನೂನಿನಡಿ ಕಾಂಪೆನ್ಸೇಷನ್ ಕೇಳುವ ಹಕ್ಕು ಉಳೀತದ.

ಜಾತಿ ನಿಂದನೆಗೆ 2016ರ ತಿದ್ದುಪಡಿ ಪ್ರಕಾರ ಒಟ್ಟು 1 ಲಕ್ಷ. ಎಫ್‌ಐಆರ್ ಹಂತಕ್ಕ 25 ಪರ್ಸೆಂಟ್, ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ 50, ಶಿಕ್ಷೆಯಾದಾಗ ಉಳಿದ 25. ನೋಡ್ರಿ, ಕೇಸು ಮುಂದ ನಡೆದಂಗ ಕಂತು ಬರ್ತಾವ. ಇದು ರಾಜಿಯ ರೊಕ್ಕ ಆಗಿದ್ರ ಶಿಕ್ಷೆ ಆದ ಮ್ಯಾಲ ಯಾಕ ಕೊಡ್ತಿದ್ರು?

ಒಂದು ಮಾತು ಒಪ್ಕೋಬೇಕು. ಚಳವಳಿಗೆ ಬಂದ ಹೊಸತರಾಗ ಒಬ್ಬರಿಗೆ ನಾನೇ "ತೀರ್ಪು ಬರಲಿ, ಪರಿಹಾರ ಸಿಗ್ತದ" ಅಂತ ಹೇಳಿ ಕಳಿಸಿದ್ದೆ. ಮೊದಲ ದಿನದಿಂದಲೇ ಇದ್ದ ಹಕ್ಕು ನನ್ನ ಅರೆಬರೆ ತಿಳುವಳಿಕೆಯಿಂದ ಅವರಿಗೆ ಮುಟ್ಟಲಿಲ್ಲ. ಅದು ಇವತ್ತಿಗೂ ಚುಚ್ಚತದ.

ಅದಕ್ಕ ಈಗ ಅರ್ಜಿ ಬರೆಯುವಾಗ ಬರೇ "ಪರಿಹಾರ" ಅನ್ನಲ್ಲ. "12(4)ರ ಅಡಿ ತುರ್ತು ರಿಲೀಫ್" ಅಂತ ಬಿಡಿಸಿ ಬರೀತೀನಿ. ನೀವೂ ಹಂಗೇ ಬರೀರಿ.

ಆ ತಾಯಿಗೆ ಹೇಳಿದೆ: "ಅವ್ವಾ, ಇದು ನಿನ್ನ ಬಾಯಿ ಮುಚ್ಚಲಿಕ್ಕೆ ಕೊಟ್ಟ ರೊಕ್ಕ ಅಲ್ಲ. ಕೋರ್ಟಿನಾಗ ಬಾಯಿ ತೆರೆಯೋತನಕ ನಿನ್ನ ಕಾಲ ಮ್ಯಾಲ ನಿಲ್ಲಲಿಕ್ಕೆ ಕೊಟ್ಟಿದ್ದು."

ಕೇಸು ಹಿಂದ ತಗೊಂಡಿಲ್ಲ.

ಜೈ ಭೀಮ್.