ದನಗಳ ಬೆನ್ನ ಮೇಲೆ ನಾಲ್ಕು ಓಟ

ಜಿಂಕಾ ಪಟ್ಟಣದಿಂದ ತೆಂಕಣಕ್ಕೆ ಹೊರಟ ಜೀಪು ಕೇಯ್ ಆಫೆರ್ ಸಂತೆಯೂರನ್ನು ದಾಟಿ ಇಳಿಯತೊಡಗಿತೆಂದರೆ ಹಸುರು ಹಿಂದುಳಿದು, ಜಾಲಿಯ ಮುಳ್ಳುಪೊದೆಗಳೂ ಕೆಮ್ಮಣ್ಣಿನ ಧೂಳೂ ಎದುರಾಗುತ್ತವೆ. ಇದು ಇಥಿಯೋಪಿಯ ದೇಶದ ದಕ್ಷಿಣದ ಅಂಚು, ಓಮೋ ನದಿಯ ಸೀಮೆ. ಮೇಲಿನ ತಂಪು ದಿಬ್ಬಗಳಲ್ಲಿ ಬನ್ನರು, ಕೆಳಗಿನ ಕುರುಚಲು ಕಾಡಿನಲ್ಲಿ ಹಾಮರರು, ಅವರ ನೆರೆಯಲ್ಲಿ ಮಡಕೆ ಮಾಡುವುದರಲ್ಲಿ ಹೆಸರಾದ ಬಷಾದರು. ಮೂವರ ನುಡಿಯೂ ಹೆಚ್ಚು ಕಡಿಮೆ ಒಂದೇ. ಹುಡುಗನು ಗಂಡಸೆನಿಸಿಕೊಳ್ಳುವ ದಾರಿಯೂ ಒಂದೇ: ಸಾಲಾಗಿ ನಿಲ್ಲಿಸಿದ ದನಗಳ ಬೆನ್ನ ಮೇಲೆ ಓಡಬೇಕು. ಓಡದವನಿಗೆ ಮದುವೆಯಿಲ್ಲ. ಅಣ್ಣನಾದ ಮೇಲೆಯೇ ತಮ್ಮನ ಸರದಿ.

ನಮ್ಮಲ್ಲಿ ಅರಿಸಿನ ಹಚ್ಚಿದ ಲಗ್ನಪತ್ರಿಕೆ ಇದ್ದಂತೆ ಅವರಲ್ಲಿ ಗಂಟುಹಾಕಿದ ನಾರಿನ ಹುರಿ. ಅದನ್ನು ಪಡೆದ ನೆಂಟನು ದಿನಕ್ಕೊಂದು ಗಂಟನ್ನು ತೆಗೆಯುತ್ತಾನೆ. ಗಂಟುಗಳು ಮುಗಿದ ದಿನ ಉತ್ಸವ.

ನಾವು ಟುರ್ಮಿಯ ಸಮೀಪದ ಬತ್ತಿದ ಹಳ್ಳವೊಂದನ್ನು ತಲಪಿದಾಗ ನಡುಹಗಲು. ಕೂದಲಿಗೆ ಬೆಣ್ಣೆ ಮತ್ತು ಕೆಂಗಾವಿಯನ್ನು ಪೂಸಿಕೊಂಡ ಹೆಂಗಸರು ಕಾಲಿನ ಗಂಟೆಗಳನ್ನು ಸದ್ದುಮಾಡುತ್ತ, ತಗಡಿನ ಕಹಳೆಗಳನ್ನೂದುತ್ತ ಕುಣಿಯುತ್ತಿದ್ದರು. ನೆರಳಿನಲ್ಲಿ ಸೋರೆಬುರುಡೆಗಳಲ್ಲಿ ಕಾಫಿಯ ಉಪಚಾರ ನಡೆದಿತ್ತು. ಕಾಫಿಯ ತವರೇ ಈ ದೇಶ. ಇಲ್ಲಿ ಹುಟ್ಟಿದ ಬೆಳೆ ಯೆಮನ್ ಮಾರ್ಗವಾಗಿ ನಮ್ಮ ಬಾಬಾಬುಡನ್ ಗಿರಿಗೆ ಬಂತೆಂದು ಐತಿಹ್ಯ. ಹಾಮರರಾದರೋ ಬೀಜವನ್ನು ಬಿಟ್ಟು ಸಿಪ್ಪೆಯನ್ನು ಕುದಿಸಿ ಕುಡಿಯುತ್ತಾರೆ. ಬಾಯಿಗೆ ಹಿಡಿಯಲು ತುಸು ಅಭ್ಯಾಸ ಬೇಕು!

ಅನಂತರ ನಡೆದುದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆಗಲೇ ದನದ ಬೆನ್ನೇರಿ ಗೆದ್ದು ಇನ್ನೂ ಮದುವೆಯಾಗದ ತರುಣರಿಗೆ ‘ಮಾಜ್’ ಎಂದು ಹೆಸರು. ಅವರ ಕೈಯಲ್ಲಿ ಹಸಿಕೋಲಿನ ಚಬುಕು. ಹುಡುಗನ ಅಕ್ಕತಂಗಿಯರು, ಬಂಧುಗಳ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಅವರ ಮುಂದೆ ನಿಂತು, ಹೊಡೆ ಎಂದು ಕೆಣಕುತ್ತಾರೆ. ತರುಣನು ಹಿಂದೆಗೆದರೆ ಅಟ್ಟಿಸಿಕೊಂಡು ಹೋಗುತ್ತಾರೆ. ಒಂದೇ ಏಟು, ಬೆನ್ನ ಮೇಲೆ ರಕ್ತದ ಗೆರೆ. ಅಳುವವರಿಲ್ಲ. ಕಹಳೆಯನ್ನೂದಿ ಮತ್ತೆ ಕುಣಿತಕ್ಕೆ ಸೇರುತ್ತಾರೆ.

ನನ್ನ ಮುಖಭಾವವನ್ನು ಕಂಡ ದುಭಾಷಿಯು, “ಸ್ವಾಮಿ, ಆ ಗೆರೆ ಆಕೆಯ ಸಾಲಪತ್ರ,” ಎಂದನು. ಗಂಡ ಸತ್ತರೆ, ಬರ ಬಂದರೆ, ಆಕೆ ಈ ಅಣ್ಣನ ಬಾಗಿಲಿಗೆ ಬರುವಳು. ಅವನಿಗಾಗಿ ನೋವುಂಡ ಬೆನ್ನನ್ನು ಕಂಡು ಅವನು ಇಲ್ಲವೆನ್ನಲಾರ. ತವರಿನ ಋಣವೆಂಬ ಮಾತು ನಮಗೆ ಹೊಸದಲ್ಲ. ಆದರೆ ಅದನ್ನು ಹೀಗೆ ಚರ್ಮದ ಮೇಲೆ ಬರೆಸಿಕೊಳ್ಳಬೇಕೆ? ಮೆಚ್ಚಲು ನನ್ನಿಂದಾಗಲಿಲ್ಲ. ಇಷ್ಟು ನಗುತ್ತ ಬಂದವರನ್ನು ಕನಿಕರದಿಂದ ನೋಡುವುದೂ ಅಧಿಕಪ್ರಸಂಗವೆನಿಸಿತು.

ಹೊತ್ತು ಇಳಿದಾಗ ಮಾಜರು ದನಗಳನ್ನು ಕೊಂಬು ಬಾಲಗಳಲ್ಲಿ ಹಿಡಿದು ಒತ್ತೊತ್ತಾಗಿ ನಿಲ್ಲಿಸಿದರು. ತಲೆಯನ್ನು ಅರ್ಧ ಬೋಳಿಸಿದ ಹುಡುಗನು ಬರಿಮೈಯಲ್ಲಿ ಓಡಿಬಂದು ಮೊದಲ ಬೆನ್ನಿಗೆ ನೆಗೆದನು. ಎಂಟು ದನ, ನಾಲ್ಕು ಓಟ. ಮೂರನೆಯದರಲ್ಲಿ ಕಾಲು ಜಾರಿದಂತಾಗಿ ನಮ್ಮ ಉಸಿರು ನಿಂತಿತು; ಅವನು ಬೀಳಲಿಲ್ಲ. ಎಲ್ಲ ಕೆಲವೇ ನಿಮಿಷಗಳ ಮಾತು.

ಇವೊ ಸ್ಟ್ರೆಕರ್ ಮತ್ತು ಜೀನ್ ಲಿಡಾಲ್ ದಂಪತಿಗಳು 1970ರಲ್ಲಿ ಹಾಮರರ ನಡುವೆ ನೆಲಸಿ ಅಧ್ಯಯನಕ್ಕೆ ತೊಡಗಿದಾಗ ಇಲ್ಲಿಗೆ ಪ್ರವಾಸಿಗರ ಹಾವಳಿಯಿರಲಿಲ್ಲ. ಈಗ ಹಣ ತೆತ್ತು ನೋಡಬಹುದು. ಅಂದು ಕ್ಯಾಮರ ಹಿಡಿದ ಪರದೇಶಿಗಳು ಇಪ್ಪತ್ತಕ್ಕೆ ಕಡಿಮೆಯಿರಲಿಲ್ಲ, ನಾನೂ ಅವರಲ್ಲೊಬ್ಬ. ಚಬುಕಿನ ಸದ್ದಿಗೆ ಸರಿಯಾಗಿ ಅವರ ಬೆರಳೂ ಆಡುತ್ತಿತ್ತು. ನನ್ನ ಕ್ಯಾಮರವನ್ನು ನಾನು ಚೀಲದೊಳಗಿಟ್ಟೆ, ತಡವಾಗಿ.

ಹೊರಡುವಾಗ ಬೆಂಕಿಯ ಬಳಿ ಹುಡುಗನ ತಂಗಿ ಮುದುಕರಿಗೆ ಕಾಫಿ ಬಗ್ಗಿಸುತ್ತಿದ್ದಳು. ಗಾಯಕ್ಕೆ ಬೆಣ್ಣೆ ಬಳಿದಿತ್ತು. ಅಣ್ಣನು ಆಚೆ ಮಾಜರ ಗುಂಪಿನಲ್ಲಿದ್ದನು. ಬುರುಡೆ ತುಂಬಿದ ಮೇಲೆ ಆಕೆ ತಲೆಯೆತ್ತಿ ಒಮ್ಮೆ ಅತ್ತ ನೋಡಿದಳು.