ಬೊಗಸೆ ನೀರು, ಹೊಳೆ ನೀರು

ನೀರಿನ ಸಲುವಾಗಿ ಜಗಳ ನಡೆಯುವುದು ನಳದ ಮುಂದಿನ ಕೊಡಗಳ ಸಾಲಿನಲ್ಲಿ ಮಾತ್ರ ಎಂದು ತಿಳಿದವರು ನಮ್ಮ ಮನೆಗೊಮ್ಮೆ ಬರಬೇಕು. ನಮ್ಮಲ್ಲಿ ಮೂವತ್ತು ವರ್ಷದಿಂದ ನೀರಿನದೇ ವಾದ. ಅದು ಕುಡಿಯುವ ನೀರಲ್ಲ, ಬಳಸುವ ನೀರಲ್ಲ, ದೀಕ್ಷಾಸ್ನಾನದ ನೀರು. ಎಷ್ಟಿರಬೇಕು, ಯಾವ ವಯಸ್ಸಿಗೆ ಬೀಳಬೇಕು, ನೀರು ಮನುಷ್ಯನ ಮೇಲೆ ಬಿದ್ದರೆ ಸಾಕೋ ಅಥವಾ ಮನುಷ್ಯನೇ ನೀರಿಗೆ ಬೀಳಬೇಕೋ, ಇವು ನಮ್ಮ ಮನೆಯ ಪ್ರಶ್ನೆಗಳು. ಸಾರಿಗೆ ಉಪ್ಪು ಹೆಚ್ಚಾದದ್ದನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾವು ಹುಕ್ಕೇರಿ ತಾಲೂಕಿನ ಯಮಕನಮರಡಿಯವರು. ಅಂದರೆ ಇದು ನಮ್ಮ ಮನೆಯವರ ಊರು. ನಾನು ಹುಬ್ಬಳ್ಳಿಯವಳು, ಮದುವೆಯಾಗಿ ಬಂದು ಇಲ್ಲಿಯ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಾಗುಣಿತ ತಿದ್ದಿಸುತ್ತ ತಲೆ ನೆರೆಸಿಕೊಂಡವಳು. ಓಣಿಯಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ. ಓಣಿಯವರ ಲೆಕ್ಕದಲ್ಲಿ ನಾವೆಲ್ಲ ಒಂದೇ, 'ಕಿರಿಸ್ತಾನರು'. ನಮ್ಮೊಳಗೂ ಇಷ್ಟೊಂದು ಒಳಪಂಗಡಗಳಿವೆಯೆಂದು ತಿಳಿದ ದಿನ ಎದುರುಮನೆಯ ವೈನಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. "ನಮ್ಮೊಳಗ ಪಂಚಮಸಾಲಿ, ಬಣಜಿಗ, ಗಾಣಿಗ ಅಂತ ಇರೂದು ಕೇಳಿ ನೀವು ನಗತಿದ್ರಿ. ಈಗ ನಾ ನಗತೇನಿ ನೋಡ್ರಿ ಬಾಯಾರ" ಎಂದು ಮನಸಾರೆ ನಕ್ಕರು.

ನನ್ನ ತವರು ಬಾಸೆಲ್ ಮಿಷನ್ನಿನದು. ಆ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1839ರ ಹೊತ್ತಿಗೆ ನಮ್ಮ ಹುಬ್ಬಳ್ಳಿಯಲ್ಲಿ ನೆಲೆಯೂರಿದರು. ನಮ್ಮ ಮನೆಯವರದು ಮೆಥೊಡಿಸ್ಟ್ ಮನೆತನ. ಬೆಳಗಾವಿಯಲ್ಲಿ 1820ರಲ್ಲಿ ಲಂಡನ್ ಮಿಷನ್ನಿನವರು ಶುರು ಮಾಡಿದ್ದ ಕೆಲಸವನ್ನು 1904ರಲ್ಲಿ ಅಮೆರಿಕದ ಮೆಥೊಡಿಸ್ಟರು ವಹಿಸಿಕೊಂಡರು. ಎರಡೂ ಕಡೆಯವರು ಎಳೆಗೂಸಿಗೇ ದೀಕ್ಷಾಸ್ನಾನ ಕೊಡುವವರು, ತಲೆಗೆ ನೀರು ಹಾಕಿ ಮುಗಿಸುವವರು. ಹಾಗಾಗಿ ನಮ್ಮ ಮದುವೆಯಲ್ಲಿ ಈ ಮಾತು ಏಳಲೇ ಇಲ್ಲ. ಎದ್ದದ್ದು ನನ್ನ ಚೊಚ್ಚಲ ಮಗನ ಸರದಿಯಲ್ಲಿ. ಪಾದ್ರಿಗಳು ಪಿತ, ಸುತ, ಪವಿತ್ರಾತ್ಮ ಎಂದು ಮೂರು ಹೆಸರು ಹೇಳಿ ಒಂದೇ ಸಲ ನೀರು ಹಾಕಿದರು. ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ತಂದೆ ಊಟದ ಹೊತ್ತಿಗೆ, "ನಮ್ಮ ಕಡೆ ಮೂರು ಹೆಸರಿಗೆ ಮೂರು ಸಲ ಹಾಕತಾರಪಾ" ಎಂದರು. ಅತ್ತೆ ತಟಕ್ಕನೆ, "ಹುಬ್ಬಳ್ಳ್ಯಾಗ ನೀರ ಭಾಳ ಇರಬೇಕ ಬಿಡ್ರಿ ಬೀಗರ" ಎಂದುಬಿಟ್ಟರು. ಹುಬ್ಬಳ್ಳಿಯ ನೀರಿನ ಕಥೆ ತಿಳಿದವರಿಗೆ ಈ ಮಾತಿನ ಚುಚ್ಚು ಎಷ್ಟು ಆಳಕ್ಕೆ ಹೋಯಿತೆಂದು ಹೇಳಬೇಕಾಗಿಲ್ಲ.

ನಮ್ಮ ಅತ್ತೆಯ ವಿಷಯ ಇಲ್ಲಿ ನಾಲ್ಕು ಮಾತು ಹೇಳಬೇಕು. ಮನೆಯ ಯಾವ ಕೂಸಿನ ದೀಕ್ಷಾಸ್ನಾನವಾದರೂ ಅದನ್ನು ಎತ್ತಿಕೊಂಡು ಪಾದ್ರಿಗಳ ಮುಂದೆ ನಿಲ್ಲುವ ಹಕ್ಕು ಅವರದು. ಹಡೆದವಳು ಪಕ್ಕದಲ್ಲಿ ನಿಂತು ನೋಡಬೇಕು, ಅಷ್ಟೇ. ಆಮೇಲೆ ಚರ್ಚಿನವರು ಕೊಡುವ ಕಾಗದವನ್ನು ಅವರು ತಮ್ಮ ಮದುವೆಯ ಇಳಕಲ್ಲ ಸೀರೆಯ ಮಡಿಕೆಯಲ್ಲಿಟ್ಟು ಟ್ರಂಕಿಗೆ ಸೇರಿಸುತ್ತಿದ್ದರು. ಇಷ್ಟೆಲ್ಲ ನಿಷ್ಠೆಯ ಈ ಹೆಂಗಸು ಐದನೆಯ ದಿನ ರಾತ್ರಿ ತೊಟ್ಟಿಲ ಕೆಳಗೆ ಒಂದು ಪಾಟಿ, ಬಳಪ ಇಡುತ್ತಿದ್ದರು. ಶೆಟಗೆವ್ವ ಬಂದು ಹಣೆಬರಹ ಬರೆಯಬೇಕಲ್ಲ! "ಪಾದ್ರಿಗೋಳಿಗೆ ಹೇಳಬ್ಯಾಡವಾ, ಅವರಿಗೆ ಇದೆಲ್ಲಾ ತಿಳಿಯೂದಿಲ್ಲ" ಎಂದು ನನಗೆ ತಾಕೀತು.

1994ರಲ್ಲಿ ನನ್ನ ಮೈದುನ ಹೊಸ ಮಾತು ತಂದ. ಅವನು ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಒಂದು ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದವನು ಬೀಡಿ ಬಿಟ್ಟ, ಎಲೆ ಅಡಿಕೆ ಬಿಟ್ಟ, ಇಸ್ಪೀಟು ಬಿಟ್ಟ. ಇಲ್ಲಿಯವರೆಗೆ ಎಲ್ಲರಿಗೂ ಸಂತೋಷವೇ. ಆಮೇಲೆ ಒಂದು ದಿನ, "ನನಗ ಸಣ್ಣಾವಿದ್ದಾಗ ಆಗಿದ್ದು ದೀಕ್ಷಾಸ್ನಾನ ಅಲ್ಲ. ಬರೇ ತಲಿ ತೋಯಿಸಿದ್ದು. ಮೊದಲ ನಂಬಿಕಿ, ಆಮ್ಯಾಲ ನೀರು. ಅದೂ ಪೂರ್ತಿ ಮುಳುಗಬೇಕು" ಎಂದ. ಮೂಲ ಗ್ರೀಕ್ ಪದದ ಅರ್ಥವೇ ಮುಳುಗಿಸು, ಅದ್ದು ಎಂದು ವಿವರಿಸಿದ. ಗೋಕಾಕದ ಗಿರಣಿಯಲ್ಲಿ ನೂಲಿನ ಜೊತೆಗೆ ಗ್ರೀಕ್ ಭಾಷೆಯೂ ಸಿಗುತ್ತದೆಂದು ನನಗೆ ಅಂದೇ ತಿಳಿದದ್ದು.

ನಮ್ಮ ಮನೆಯವರು ಬಿಡುವ ಪೈಕಿ ಅಲ್ಲ. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ನಡುರಾತ್ರಿಯಲ್ಲಿ ಮನೆಮಂದಿಯ ಸಮೇತ ದೀಕ್ಷಾಸ್ನಾನ ಮಾಡಿಸಿಕೊಂಡನಲ್ಲ, ಅವನ ಮನೆಯಲ್ಲಿ ಒಂದಾದರೂ ಕೂಸು ಇರಲಿಲ್ಲವೇ? ಅಷ್ಟು ಹೊತ್ತಿನಲ್ಲಿ ಹೊಳೆ ಹುಡುಕಿಕೊಂಡು ಹೋದರೇ? ಯೆರೂಸಲೇಮಿನಲ್ಲಿ ಒಂದೇ ದಿನ ಮೂರು ಸಾವಿರ ಜನರಿಗೆ ಆಯಿತಲ್ಲ, ಅಷ್ಟು ನೀರು ಎಲ್ಲಿಂದ ಬಂತು? ಮೈದುನ, "ಕೂಸಿತ್ತು ಅಂತ ಬರದೈತೇನು?" ಎಂದು ಕೇಳಿದ. ಇವರು, "ಇದ್ದಿಲ್ಲ ಅಂತ ಬರದೈತೇನು?" ಎಂದರು. ಎರಡು ಸಾವಿರ ವರ್ಷದ ಪಂಡಿತರು ಬಗೆಹರಿಸದ್ದನ್ನು ಅಣ್ಣತಮ್ಮಂದಿರು ನಮ್ಮ ಪಡಸಾಲೆಯಲ್ಲಿ ಬಗೆಹರಿಸುವವರಂತೆ ಕೂತಿದ್ದರು. ಚಹಾ ಮಾಡಿ ಕೊಡುವುದು ಮಾತ್ರ ನನ್ನ ಪಾಲಿಗೆ.

ಅತ್ತೆ ಈ ವಾದದಲ್ಲಿ ಬಾಯಿ ಹಾಕಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದರು: "ಹಂಗಾರ ನಾ ನಿನ್ನ ಎತ್ತಿಕೊಂಡು ನಿಂತಿದ್ದು ಸುಳ್ಳೇನೋ?"

ಮೈದುನನಿಗೆ ಉತ್ತರ ಹೊಳೆಯಲಿಲ್ಲ. ಅವನು ಹುಟ್ಟಿದ ಮೂರನೆಯ ತಿಂಗಳಿಗೆ ಉಸಿರು ಹಿಡಿದು ಬದುಕುವ ಆಸೆಯೇ ಇರಲಿಲ್ಲವಂತೆ. ಬದುಕಿದರೆ ದೇವರ ಮಗನಾಗಿ ಬೆಳೆಸುತ್ತೇನೆಂದು ಮಾತು ಕೊಟ್ಟು, ಆ ಕೂಸನ್ನು ಕಂಬಳಿಯಲ್ಲಿ ಸುತ್ತಿ ಚರ್ಚಿಗೆ ಒಯ್ದಿದ್ದರು. ಮಗ ಗ್ರೀಕ್ ಪದದ ಅರ್ಥ ಹೇಳುತ್ತಿದ್ದರೆ ತಾಯಿಗೆ ಕೇಳಿಸುತ್ತಿದ್ದದ್ದು ಅದಲ್ಲ, ನೀನು ಕೊಟ್ಟ ಮಾತು ಲೆಕ್ಕಕ್ಕಿಲ್ಲ ಎಂಬುದು.

ಆದರೂ ಅವನು ಘಟಪ್ರಭೆಗೆ ಇಳಿದೇ ಇಳಿದ. ಡಿಸೆಂಬರ್ ತಿಂಗಳು, ಮುಂಜಾನೆಯ ಚಳಿ. ಅತ್ತೆ ಹೋಗಲಿಲ್ಲ. ಹೋಗುವವರ ಕೈಯಲ್ಲಿ ಒಂದು ಒಣ ಟಾವೆಲ್ಲು, ಉಣ್ಣೆಯ ಬನಿಯನ್ನು, ಥರ್ಮಾಸಿನ ತುಂಬ ಶುಂಠಿ ಚಹಾ ಕಳಿಸಿದರು. "ಅವಂಗ ಥಂಡಿ ತಡಿಯೂದಿಲ್ಲ. ಅವರ ಸಭಾದವರಿಗೆ ಏನ ಗೊತ್ತು?"

ಈ ನೀರಿನ ಜಗಳ ನಮ್ಮ ಮನೆಯೊಂದರದ್ದೇ ಅಲ್ಲ ಎಂಬುದು ನನಗೆ ಸಮಾಧಾನ. 1812ರಲ್ಲಿ ಅಡೊನಿರಾಮ್ ಜಡ್ಸನ್ ಎಂಬ ಮಿಷನರಿ ಹೊಸ ಹೆಂಡತಿ ಆ್ಯನ್‌ಳೊಂದಿಗೆ ಅಮೆರಿಕದಿಂದ ಕಲ್ಕತ್ತೆಗೆ ಹಡಗು ಹತ್ತಿದ. ಅವರನ್ನು ಕಳಿಸಿದ್ದು ಕೂಸುಗಳಿಗೆ ದೀಕ್ಷಾಸ್ನಾನ ಕೊಡುವ ಸಭೆಯವರು. ಶ್ರೀರಾಂಪುರದಲ್ಲಿ ವಿಲಿಯಂ ಕೇರಿಯವರ ಬ್ಯಾಪ್ಟಿಸ್ಟ್ ಮಂದಿ ಇದ್ದಾರೆ, ಅವರು ಮುಳುಗಿಸುವವರು, ವಾದಕ್ಕೆ ನಿಂತರೆ ಉತ್ತರ ಬೇಕಲ್ಲ ಎಂದು ಜಡ್ಸನ್ ಹಡಗಿನಲ್ಲೇ ಈ ವಿಷಯ ಓದತೊಡಗಿದ. ಓದಿ ಓದಿ ಎದುರಾಳಿಯ ಕಡೆಗೇ ವಾಲಿದ! ಹೆಂಡತಿ, ನೀವು ಬೇಕಾದರೆ ಬ್ಯಾಪ್ಟಿಸ್ಟ್ ಆಗಿ, ನಾನಂತೂ ಆಗುವುದಿಲ್ಲ ಎಂದಳಂತೆ. ಕೊನೆಗೆ ಅವಳೂ ಓದಿದಳು. ಆ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯಲ್ಲಿ ಇಬ್ಬರೂ ಮುಳುಗಿ ಎದ್ದರು. ಗಂಡ ಹೇಳಿದನೆಂದು ಒಪ್ಪದೆ, ತಾನೇ ಓದಿ ಒಪ್ಪಿದಳಲ್ಲ, ಆ ಹೆಣ್ಣುಮಗಳು ನನಗೆ ಬಹಳ ಸೇರುತ್ತಾಳೆ.

ಇನ್ನು ರಕ್ಷಣಾ ಸೇನೆಯವರ ದಾರಿಯೇ ಬೇರೆ, ಮುಕ್ತಿ ಫೌಜಿನವರು ಅನ್ನುತ್ತಾರಲ್ಲ, ಅವರು. 1883ರಿಂದ ಅವರಲ್ಲಿ ದೀಕ್ಷಾಸ್ನಾನವೇ ಇಲ್ಲ. ಧ್ವಜದ ಕೆಳಗೆ ನಿಂತು ಪ್ರತಿಜ್ಞೆ ಮಾಡಿದರೆ ಮುಗಿಯಿತು. ಇದನ್ನು ಕೇಳಿ ವೈನಿ, "ನಮ್ಮಂಥಾ ಎಂಟ ದಿನಕ್ಕೊಮ್ಮೆ ನಳ ಬರೂ ಊರಿಗೆ ಅದ ಛಲೋ" ಎಂದರು. ನನ್ನ ಗೆಳತಿಯೊಬ್ಬಳು ಕೇರಳದ ನರ್ಸು, ಸಿರಿಯನ್ ಆರ್ಥೊಡಾಕ್ಸ್ ಮನೆಯವಳು. ಅವರಲ್ಲಿ ಕೂಸನ್ನು ನೀರಿನ ತೊಟ್ಟಿಯೊಳಗೇ ಕೂಡಿಸಿ ಮೂರು ಸಲ ಹೊಯ್ದು, ಆಮೇಲೆ ಮೈತುಂಬ ಪವಿತ್ರ ತೈಲ ಹಚ್ಚುತ್ತಾರೆ. ಅತ್ತೆಗೆ ಇದೊಂದು ಪದ್ಧತಿ ಮನಸ್ಸಿಗೆ ಬಂತು. ಆದರೆ ಹತ್ತಾರು ಕೂಸುಗಳಿಗೆ ಎರೆದ ಕೈ ಅವರದು. "ಎಣ್ಣಿ ಮೊದಲ ಹಚ್ಚಬೇಕು, ಆಮ್ಯಾಲ ಎರಿಬೇಕು. ತಿರುಗಾಮುರುಗಾ ಮಾಡತಾರ ಇವರು" ಎಂದು ತಪ್ಪು ತೆಗೆದರು.

ಮೈದುನನಿಗೆ ಒಬ್ಬಳೇ ಮಗಳು. ಅವಳು ಹುಟ್ಟಿದ್ದು 1988ರಲ್ಲಿ. ಅವನಿನ್ನೂ ಬೀಡಿ ಸೇದುತ್ತಿದ್ದ ಕಾಲ. ಹಾಗಾಗಿ ಅವಳಿಗೂ ಅಜ್ಜಿಯ ತೋಳಿನಲ್ಲೇ ಬೊಗಸೆ ನೀರಿನ ಸ್ನಾನ ಆಗಿತ್ತು. ದೊಡ್ಡವಳಾದ ಮೇಲೆ ತಾನೇ ನಂಬಿ, ತಾನೇ ಕೇಳಿ ಹೊಳೆಗೆ ಇಳಿಯಲೆಂದು ಅಪ್ಪ ಕಾದ. ಅವಳು ಕೇಳಲಿಲ್ಲ. ಒತ್ತಾಯ ಮಾಡುವಂತಿಲ್ಲ, ಸ್ವಂತ ಮನಸ್ಸಿನಿಂದ ಆಗಬೇಕೆಂಬುದೇ ಅವನ ಸಿದ್ಧಾಂತ. ಹೀಗೆ ಕಾಯುತ್ತಿರುವಾಗ ಅವಳು ಬೆಳಗಾವಿಯಲ್ಲಿ ಬ್ಯಾಂಕಿನ ಕೆಲಸಕ್ಕೆ ಸೇರಿ, 2016ರಲ್ಲಿ ಖಾನಾಪುರದ ಕಡೆಯ ಕ್ಯಾಥೊಲಿಕ್ ಹುಡುಗನೊಬ್ಬನನ್ನು ಮೆಚ್ಚಿಕೊಂಡಳು.

ಹುಡುಗನ ಮನೆಯವರು ಒಳ್ಳೆಯ ಜನ. ಅವನ ಅಜ್ಜಿ ಮಾತಿಗೆ ಕೂತು ತಮ್ಮ ಕಾಲದ ಜ್ಞಾನಸ್ನಾನದ ವರ್ಣನೆ ಮಾಡಿದರು. ನಾವು ದೀಕ್ಷಾಸ್ನಾನ ಅನ್ನುವುದಕ್ಕೆ ಅವರು ಜ್ಞಾನಸ್ನಾನ ಅನ್ನುತ್ತಾರೆ. ಆಗ ಕೂಸಿನ ನಾಲಿಗೆಗೆ ಚಿಟಿಕೆ ಉಪ್ಪು ಮುಟ್ಟಿಸುತ್ತಿದ್ದರು. 1969ರಲ್ಲಿ ವಿಧಿ ಬದಲಾದಾಗ ಅದು ಹೋಯಿತು. ಎಣ್ಣೆ, ಬಿಳಿ ಬಟ್ಟೆ, ಮೇಣದಬತ್ತಿ ಈಗಲೂ ಇವೆ. "ಉಪ್ಪು, ಎಣ್ಣಿ, ನೀರು, ಬೆಂಕಿ. ಸಾಸಿವಿ ಒಂದ ಕಡಿಮಿ ಆತು ನೋಡ್ರಿ" ಎಂದವರು, ಹೇಳಬೇಕಾಗಿಲ್ಲ, ನಮ್ಮ ವೈನಿ. ಇನ್ನೊಂದು ಸಂಗತಿ ಕೇಳಿ ಅವರು ದಂಗಾದರು. ಕೂಸಿನ ಜೀವಕ್ಕೆ ಅಪಾಯವಿದ್ದು ಪಾದ್ರಿ ಸಿಗದಿದ್ದರೆ, ಸಭೆ ಮಾಡುವುದನ್ನೇ ಮಾಡುವ ಮನಸ್ಸಿನಿಂದ ಯಾರು ಬೇಕಾದರೂ ನೀರು ಹೊಯ್ದು ಆ ಮಾತುಗಳನ್ನು ಹೇಳಬಹುದು. ಕ್ರೈಸ್ತರೇ ಆಗಬೇಕೆಂದಿಲ್ಲ. ಕ್ಯಾಥೊಲಿಕ್ ಸಭೆ ಅದನ್ನು ಪೂರ್ತಿ ಜ್ಞಾನಸ್ನಾನವೆಂದೇ ಒಪ್ಪುತ್ತದೆ. ವೈನಿ ಕೊರಳಿನ ಲಿಂಗವನ್ನು ಮುಟ್ಟಿಕೊಂಡು, "ನಾನೂ ಕೊಡಬಹುದೇನು?" ಎಂದರು. ಕೊಡಬಹುದು ಎಂದೆ. "ಹಂಗಾರ ನೀವು ಮನ್ಯಾಗ ಮೂವತ್ತ ವರ್ಷದಿಂದ ಬಡದಾಡೂದು ಯಾತಕ್ಕ?"

ತೊಡಕು ಬಂದದ್ದು ಅದರ ಮುಂದಿನ ವಾರ. ಹುಡುಗನ ಚರ್ಚಿನ ಫಾದರ್ ಬಹಳ ಸೌಮ್ಯವಾಗಿ, ಹುಡುಗಿಗೆ ಜ್ಞಾನಸ್ನಾನ ಆಗಿದೆಯೇ ಎಂದು ಕೇಳಿದರು. ಆಗಿದ್ದರೆ ಇದು ಇಬ್ಬರು ಕ್ರೈಸ್ತರ ಮದುವೆ. ಬಿಷಪ್ಪರ ಅನುಮತಿ ಸಾಕು. ಆಗಿಲ್ಲವೆಂದರೆ ಅವಳು ಕ್ರೈಸ್ತಳಲ್ಲದವಳ ಲೆಕ್ಕ. ವಿಶೇಷ ವಿನಾಯಿತಿ ಇಲ್ಲದೆ ಮದುವೆ ಮದುವೆಯೇ ಅಲ್ಲ. ಮೆಥೊಡಿಸ್ಟ್ ಪಾದ್ರಿಗಳು ಮೂರು ಹೆಸರು ಹೇಳಿ ನೀರು ಹಾಕಿದ್ದರೆ ತಮ್ಮ ಕಡೆ ಅದಕ್ಕೆ ಪೂರ್ತಿ ಬೆಲೆಯಿದೆ, ಕಾಗದವೊಂದು ತಂದುಕೊಡಿ ಎಂದರು.

ಮೈದುನನ ಮೋರೆ ನೋಡಬೇಕಿತ್ತು! ಆಗಿಲ್ಲ ಅಂದರೆ ತನ್ನ ಮಗಳು ಕ್ರೈಸ್ತಳೇ ಅಲ್ಲವೆಂದು ತಾನೇ ಬರೆದುಕೊಟ್ಟಂತೆ. ಆಗಿದೆ ಅಂದರೆ ಇಪ್ಪತ್ತೆರಡು ವರ್ಷ ಹೇಳಿದ್ದೆಲ್ಲ ಹೊಳೆಪಾಲು. ತಾಯಿ ಎತ್ತಿಕೊಂಡು ನಿಂತದ್ದನ್ನು ಹೊಟ್ಟೆಯ ಮಗ ಒಪ್ಪಿರಲಿಲ್ಲ, ರೋಮಿನ ಪೋಪರು ಒಪ್ಪಿದ್ದರು.

ಭಾನುವಾರ ಮಧ್ಯಾಹ್ನ ಬಂದ. ಚಹಾ ಕುಡಿದ. ಮಳೆ ಬೆಳೆ ಮಾತಾಡಿದ. ಇನ್ನೊಂದು ಚಹಾ ಕುಡಿದ. ಆಮೇಲೆ, "ಅವ್ವಾ, ಆ ಕಾಗದ ಎಲ್ಲೈತಿ?" ಎಂದ.

"ಯಾವ ಕಾಗದ?"

"ಅದ, ಚರ್ಚಿಂದು. ಇಕಿ ಸಣ್ಣಾಕಿದ್ದಾಗ ಮಾಡಿಸಿದ್ದು."

"ಅದು ಬರೇ ತಲಿ ತೋಯಿಸಿದ್ದು ಅಂದಿದ್ದೆಲ್ಲೋ."

ಮೈದುನ ಸುಮ್ಮನೆ ನೆಲ ನೋಡಿದ. ಅತ್ತೆ ಮತ್ತೇನೂ ಅನ್ನಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು, ಟ್ರಂಕು ತೆಗೆದು, ಸೀರೆಯ ಮಡಿಕೆಯಿಂದ ಕಾಗದಗಳನ್ನು ಒಂದೊಂದಾಗಿ ಚಾಪೆಯ ಮೇಲೆ ಹರವಿದರು. "ಇದು ನಿಮ್ಮ ಅಣ್ಣಂದು. ಇದು ನಿಂದು. ಇದು ಕೂಸಿಂದು. ಯಾವುದು ಬೇಕು?"

ಅವನು ಮಗಳದ್ದನ್ನು ಕಿಸೆಗೆ ಹಾಕಿಕೊಂಡ. ತನ್ನದನ್ನು ಎತ್ತಿ, ಹಳದಿ ತಿರುಗಿದ ಅಂಚನ್ನು ಬೆರಳಿನಿಂದ ಸವರಿ, ಬಹಳ ಹೊತ್ತು ಓದಿದ. ಅಷ್ಟು ಓದುವಂಥದ್ದು ಅದರಲ್ಲಿ ಏನೂ ಇರಲಿಲ್ಲ, ನಾಲ್ಕೇ ಸಾಲು. ಮತ್ತೆ ಮಡಿಚಿ ತಾಯಿಯ ಕೈಗೆ ಕೊಟ್ಟ. "ನಂದು ನಿನ್ನ ಹಂತೇಕನ ಇರಲಿ."

"ಇರ್ತೈತಿ" ಎಂದರು ಅತ್ತೆ. ಅವನು ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುತ್ತಿದ್ದಾಗ ಕೂಗಿ ಹೇಳಿದರು: "ಕೂಸಿನ ಕಾಗದಕ್ಕ ಮೊದಲ ಪ್ಲಾಸ್ಟಿಕ್ ಹಾಕಿಸೋ. ಹನಿ ನೀರ ಬಿದ್ದರ ಸಾಕು, ಹಾಳಾಕೈತಿ."